ಹದಿನೈದರವರೆಗೆ ಎಣಿಸುವ ಪದ್ಮಾವತಿ

ಬೆಳಗಿನ ಐದೂಮುಕ್ಕಾಲು. ಚಂದಾಪುರದ ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿನ ಚಿಕ್ಕ ಕೋಣೆಯಲ್ಲಿ ಪದ್ಮಾವತಿ ಸರ್ವರಿನ ಹಿಂದೆ ಕೈ ಹಾಕಿ ನೀಲಿ ಕೇಬಲ್ ಹಿಡಿದು ನಿಂತಿದ್ದಾರೆ. ಇನ್ನೊಂದು ಕೈಯಲ್ಲಿ ಮೊಬೈಲ್. ಆ ಕಡೆ, ಸರ್ಜಾಪುರ ರಸ್ತೆಯ ಪುಟ್ಟ ನರ್ಸಿಂಗ್ ಹೋಮಿನಲ್ಲಿ, ಆಯಾ ವೆಂಕಟಮ್ಮ ಇಂಟರ್ನೆಟ್ ಡಬ್ಬಿಯ ದೀಪ ನೋಡುತ್ತಿದ್ದಾರೆ. 

"ಯಾರಿಗಾದ್ರೂ ಇಸಿಜಿ ತೆಗೀತಿದ್ದಾರಾ ವೆಂಕಟಮ್ಮೋರೆ?"

ಯಾರಿಗೂ ಇಲ್ಲ ಎಂಬ ಉತ್ತರ ಬರುತ್ತದೆ. ಅವರಿಗೆ ಸಮಾಧಾನವಿಲ್ಲ, ಇನ್ನೊಮ್ಮೆ ಕೇಳುತ್ತಾರೆ. ವಾರ್ಡಿಗೇ ಹೋಗಿ ನೋಡಿಕೊಂಡು ಬನ್ನಿ ಎನ್ನುತ್ತಾರೆ. ವೆಂಕಟಮ್ಮ ಗೊಣಗುತ್ತಲೇ ಹೋಗುತ್ತಾರೆ.

ಪದ್ಮಾವತಿಯ ಕೆಲಸವನ್ನು ಮನೆಯವರಿಗೆ ತಿಳಿಸಿ ಹೇಳುವುದೇ ಕಷ್ಟ. ತಂದೆ ಶ್ಯಾಮಣ್ಣ ಒಂದು ಕಾಲಕ್ಕೆ ರಾಗಿ ಬೆಳೆದವರು. ಈಗ ಅದೇ ಹೊಲದಲ್ಲಿ ಎಂಟು ಮನೆ ಕಟ್ಟಿ ಫ್ಯಾಕ್ಟರಿ ಕೆಲಸದವರಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ಕೇಳಿದವರಿಗೆಲ್ಲ "ಮಗಳು ಕಂಪ್ಯೂಟರ್ ಕಾಯ್ತಾಳೆ" ಎಂದು ಹೇಳಿ ಕೈತೊಳೆದುಕೊಳ್ಳುತ್ತಾರೆ. ಅವರು ಹೇಳುವುದರಲ್ಲಿ ಅಂಥ ತಪ್ಪೇನೂ ಇಲ್ಲ. ಈ ಸಣ್ಣ ಇಂಟರ್ನೆಟ್ ಕಂಪನಿಯನ್ನು ನಂಬಿಕೊಂಡ ಮನೆ, ಅಂಗಡಿಗಳು ಸಾವಿರದ ನಾನೂರು. ಪ್ರತಿ ಮನೆಯ ಡಬ್ಬಿಯೂ ಮೊದಲು ಒಂದು ಸರ್ವರಿಗೆ ತನ್ನ ಗುರುತು ಹೇಳಿ ಒಪ್ಪಿಗೆ ಪಡೆಯಬೇಕು. ಯಾರು ಯಾವಾಗ ಬಂದರು, ಯಾವಾಗ ಹೋದರು ಎಂದು ಇನ್ನೊಂದು ಬರೆದಿಡುತ್ತದೆ. ಉತ್ತರಕ್ಕಾಗಿ ಎಷ್ಟು ಸೆಕೆಂಡ್ ಕಾಯಬೇಕು, ಬಾರದಿದ್ದರೆ ಎಷ್ಟು ಸಲ ಮತ್ತೆ ಕೇಳಬೇಕು, ಮಾತಾಡದ ಸರ್ವರನ್ನು ಸತ್ತಿದೆಯೆಂದು ಎಷ್ಟು ಹೊತ್ತು ಬದಿಗಿಡಬೇಕು: ಈ ಅಂಕಿಗಳನ್ನು ಕೂರಿಸುವುದು ಪದ್ಮಾವತಿ. ಡಿಪ್ಲೊಮಾ ಓದಿ, ದೂರಿನ ಫೋನ್ ಎತ್ತಿಕೊಳ್ಳಲು ಸೇರಿದವರು, ನೋಡಿ ನೋಡಿ ಕಲಿತದ್ದು ಇದು.

ಮೂರು ವರ್ಷದ ಹಿಂದೆ, 2011ರಲ್ಲಿ, ಅವರಿಗೆ ಅವಸರದ ಮೇಲೆ ಪ್ರೀತಿಯಿತ್ತು. ಕಾಯುವುದು ಎರಡೇ ಸೆಕೆಂಡ್, ಕೇಳುವುದು ಒಂದೇ ಸಲ, ಉತ್ತರವಿಲ್ಲವೆಂದರೆ ಹತ್ತು ನಿಮಿಷ ಅದರ ಸುದ್ದಿಗೇ ಹೋಗುವಂತಿಲ್ಲ. ಕೆಲಸ ಚುರುಕಾಗಿದೆ ಎಂದು ಎಲ್ಲರೂ ಹೊಗಳಿದರು. ಒಂದು ಬೆಳಿಗ್ಗೆ ಕರೆಂಟ್ ಹೋಗಿ ಬಂತು. ಊರಿನ ಡಬ್ಬಿಗಳೆಲ್ಲ ಒಟ್ಟಿಗೇ ಬಾಗಿಲು ಬಡಿದವು. ಬದುಕಿಯೇ ಇದ್ದ ಸರ್ವರ್ ಉತ್ತರಿಸಲು ನಾಲ್ಕು ಸೆಕೆಂಡ್ ತೆಗೆದುಕೊಂಡಿತು. ಅಷ್ಟರಲ್ಲಿ ಅದು ಸತ್ತಿತೆಂದು ತೀರ್ಮಾನವಾಗಿತ್ತು. ಹೊರೆಯೆಲ್ಲ ಅದರ ಬದಲಿಗೆಂದು ಇಟ್ಟಿದ್ದ ಎರಡನೇ ಸರ್ವರಿನ ತಲೆಗೆ ಬಿದ್ದು ಅದೂ ತಡವರಿಸಿತು, ಅದಕ್ಕೂ ಅದೇ ಗತಿ.

ಆ ಹೊತ್ತಿನಲ್ಲೇ ನರ್ಸಿಂಗ್ ಹೋಮಿನಲ್ಲಿ ಸೊಪ್ಪು ಬೆಳೆಯುವ ದಾಸಪ್ಪ ಎದೆ ಹಿಡಿದುಕೊಂಡು ಮಲಗಿದ್ದರು. ಇಂಟರ್ನೆಟ್ಟಿನಲ್ಲಿ ಅವರ ಇಸಿಜಿ ನೋಡಿ ಇಂಜೆಕ್ಷನ್ ಹೇಳಬೇಕಾದ ಡಾಕ್ಟರು ಇದ್ದದ್ದು ಸಿಟಿಯಲ್ಲಿ. ಸರ್ವರಿನ ದಾಖಲೆಯಲ್ಲಿ ನರ್ಸಿಂಗ್ ಹೋಮಿನ ಡಬ್ಬಿ ಹೋದದ್ದು 6:12ಕ್ಕೆ, ಬಂದದ್ದು 6:23ಕ್ಕೆ. ಆ ಹಾಳೆಯ ಪ್ರಿಂಟ್ ಇಂದಿಗೂ ಪದ್ಮಾವತಿಯ ಬ್ಯಾಗಿನಲ್ಲಿದೆ.

ದಾಸಪ್ಪ ಬದುಕಿದರು. ಆದರೆ ನಾಲ್ಕು ಹೆಜ್ಜೆಗೆ ಏದುಸಿರು, ಸೊಪ್ಪಿನ ಮಡಿಗೆ ಬಗ್ಗಲಾಗದು. ಅದಕ್ಕೆ ಆ ಹನ್ನೊಂದು ನಿಮಿಷವೇ ಕಾರಣವೇ ಎಂದು ಡಾಕ್ಟರನ್ನು ಕೇಳುವ ಧೈರ್ಯ ಪದ್ಮಾವತಿಗೆ ಇಲ್ಲಿಯವರೆಗೂ ಬಂದಿಲ್ಲ. ಕರೆಂಟಿನ ತೊಂದರೆ ಅಂತ ಹೇಳಿಬಿಡಿ ಎಂದರು ಕಂಪನಿ ಮಾಲೀಕರು. ಊರೂ ಅದನ್ನೇ ನಂಬಿತು.

ಅಂದಿನಿಂದ ಪದ್ಮಾವತಿಗೆ ಅಂಕಿಗಳ ಭಯ. ಈಗ ಐದು ಸೆಕೆಂಡಿನಂತೆ ಮೂರು ಸಲ, ಬದಿಗಿಡುವುದು ಒಂದೇ ನಿಮಿಷ. ಒಟ್ಟು ಹದಿನೈದು ಎಣಿಸುವಷ್ಟರಲ್ಲಿ ಎರಡನೇ ಸರ್ವರಿಗೆ ದಾರಿ ತೆರೆಯಬೇಕು. ಕಾಗದದ ಮೇಲೆ ಸರಿ ಕಂಡರೆ ಅವರಿಗೆ ಸಾಲದು, ಕೇಬಲ್ ಕಿತ್ತೇ ನೋಡಬೇಕು. ನಿನ್ನೆಯಷ್ಟೇ ಎರಡನೇ ಸರ್ವರ್ ಹೊಸದು ಬಂದಿದೆ. ಇವತ್ತು ಎಂಟರಿಂದ ಹತ್ತರವರೆಗೆ ಕರೆಂಟ್ ಇಲ್ಲವೆಂದು ಪ್ರಕಟಣೆಯೂ ಆಗಿದೆ. ಹತ್ತಕ್ಕೆ ಮತ್ತೆ ಸಾವಿರದ ನಾನೂರು ಡಬ್ಬಿಗಳು ಬಾಗಿಲಿಗೆ ಬರುತ್ತವೆ.

ವಾರ್ಡ್ ಖಾಲಿ ಎಂದು ವೆಂಕಟಮ್ಮ ಹೇಳುತ್ತಾರೆ. ಪದ್ಮಾವತಿ ಕಣ್ಣು ಮುಚ್ಚಿ ಮೊದಲ ಸರ್ವರಿನ ಕೇಬಲ್ ಕೀಳುತ್ತಾರೆ. ಅಲ್ಲಿ ವೆಂಕಟಮ್ಮ ಡಬ್ಬಿ ಆರಿಸಿ ಹಾಕುತ್ತಾರೆ. ಕೆಂಪು ದೀಪ ಹತ್ತಿತೆಂದ ಕೂಡಲೇ ಎಣಿಕೆ ಶುರು. ಹನ್ನೆರಡು, ಹದಿಮೂರು. ಹದಿನೈದಾಯಿತು, ಹಸಿರು ದೀಪದ ಸುದ್ದಿಯಿಲ್ಲ. ಹದಿನಾರು. 

"ಅಸ್ರು ದೀಪ ಬಂತು ಕಣಮ್ಮ," ಎನ್ನುತ್ತಾರೆ ವೆಂಕಟಮ್ಮ, ಹದಿನೇಳಕ್ಕೆ.

ಪದ್ಮಾವತಿ ನೆಲದ ಮೇಲೆಯೇ ಕುಳಿತುಬಿಡುತ್ತಾರೆ. ಆಮೇಲೆ ಕೇಬಲ್ ಮತ್ತೆ ಸಿಕ್ಕಿಸಿ ಚಹಾ ಕುಡಿಯುತ್ತಾರೆ.

ಪತ್ರಿಕೆಗೆಂದು ಇದನ್ನೆಲ್ಲ ಬರೆದುಕೊಳ್ಳುತ್ತಿರುವ ನಾನು, ಹೆಸರು ಬೇಡವೆಂದರೆ ಬದಲಾಯಿಸಬಹುದು ಎಂದರೆ, ಅವರು ಬೇಡವೆಂದು ತಲೆಯಾಡಿಸುತ್ತಾರೆ. ದಾಸಪ್ಪನವರ ಗೇಟಿನವರೆಗೆ ಎರಡು ಸಲ ಹೋಗಿ ಹಾಗೇ ವಾಪಸಾಗಿದ್ದಾರಂತೆ. ಬ್ಯಾಗಿನಿಂದ ಆ ಹಾಳೆ ತೆಗೆದು ಮೇಜಿನ ಮೇಲಿಡುತ್ತಾರೆ.

"ಹೆಸ್ರು ಸರಿಯಾಗೇ ಹಾಕಿ ಸಾರ್, ಶ್ಯಾಮಣ್ಣನ ಮಗಳು ಪದ್ಮಾವತಿ ಅಂತ. ಆ ಹನ್ನೊಂದು ನಿಮಿಷ ಕರೆಂಟಿಂದಲ್ಲ, ನನ್ನಿಂದ ಅಂತ್ಲೂ ಬರೀರಿ. ದಾಸಪ್ಪನೋರು ಭಾನುವಾರದ ಪೇಪರ್ ಓದ್ತಾರಂತೆ."