ಓಬ್ರೆನ್ ಹೇಳಿದ ‘ಖಾಲಿ’

ವೆದ್ರಾ ಹೊಳೆಯ ದಂಡೆಯವರಿಂದ ಮೀನಿನ ಬಗ್ಗೆ ನಿಜ ಹೇಳಿಸುವುದಕ್ಕಿಂತ ಮರಳು ಹಿಂಡಿ ಎಣ್ಣೆ ತೆಗೆಯುವುದು ಸುಲಭ. ಅದರಲ್ಲೂ ಓಬ್ರೆನ್‌ನಿಂದ! ಮೊಣಕಾಲಿನವರೆಗೆ ಒದ್ದೆಯಾಗಿ, ಬೆನ್ನಿನ ಚೀಲದಲ್ಲಿ ಟ್ರೌಟ್ ಮೀನುಗಳು ಇನ್ನೂ ಒದ್ದಾಡುತ್ತಿರುವಾಗಲೇ, ಸೇತುವೆಯ ಮೇಲೆ ಎದುರಾದವನ ಮುಖವನ್ನೇ ನೋಡಿ “ಖಾಲಿ” ಎನ್ನುತ್ತಿದ್ದ. ಕೇಳಿದವನಿಗೂ ಕಣ್ಣಿದೆ, ಚೀಲದಿಂದ ನೀರು ತೊಟ್ಟಿಕ್ಕುವುದು ಕಾಣುತ್ತದೆ. ಆದರೂ ಅವನು “ಹೌದು ಬಿಡು, ಈ ವರ್ಷ ಖಾಲಿನೇ” ಎಂದು ತಲೆಯಾಡಿಸಿ ಮುಂದೆ ಹೋಗಬೇಕು. ಅದು ಮೊಂಟೆನೆಗ್ರೊದ ಬಡಗಣ ಬೆಟ್ಟಗಳ ಮರ್ಯಾದೆ. ಹೊಳೆಯಲ್ಲಿ ಮೀನಿದೆ ಎಂದು ಬಾಯಿಬಿಟ್ಟವನಿಗೆ ಅಲ್ಲಿ ಯಾರೂ ಹೆಣ್ಣು ಕೊಡುವುದಿಲ್ಲ ಎಂಬ ಮಾತಿತ್ತು.

ಆ ಸುಳ್ಳಿಗೂ ಒಂದು ಕಾಲಧರ್ಮವಿತ್ತು. ಏಪ್ರಿಲ್‌ನಲ್ಲಿ ಕೇಳಿದರೆ, “ಹಿಮ ಕರಗಿದ ನೀರು, ಹಾಲಿನ ಹಾಗೆ ಬೆಳ್ಳಗಿದೆ, ಮೀನಿಗೆ ಗಾಳ ಎಲ್ಲಿ ಕಾಣತ್ತೆ?” ಜೂನ್‌ನಲ್ಲಿ ಕೇಳಿದರೆ, “ನೀರು ತೀರಾ ತಿಳಿಯಾಗಿದೆ, ಮೀನಿಗೆ ನಾವೇ ಕಾಣ್ತೀವಿ.” ಆಗಸ್ಟ್‌ನಲ್ಲಿ ನೀರು ಬೆಚ್ಚಗೆ, ಸೆಪ್ಟೆಂಬರ್‌ನಲ್ಲಿ ಗಾಳಕ್ಕೆ ಬೀಚ್ ಮರದ ಎಲೆಗಳ ಕಾಟ. ಪ್ರತಿಯೊಂದರಲ್ಲೂ ಅರ್ಧ ನಿಜ ಇರುತ್ತಿತ್ತು. ಉಳಿದರ್ಧವನ್ನು ಓಬ್ರೆನ್ ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದ. ಹಿಮದ ನೀರು ಭೋರ್ಗರೆಯುವಾಗ ಮೀನು ದಂಡೆಗೆ ಸರಿದು ಬಂಡೆಯ ಬೆನ್ನಿಗೆ ಅಂಟಿ ನಿಲ್ಲುತ್ತದೆ, ಎರೆಹುಳ ಕಂಡರೆ ಬಿಡುವುದಿಲ್ಲ. ಜೂನ್‌ನ ಇಳಿಹೊತ್ತಿನಲ್ಲಿ ನೀರಿನಿಂದ ಹುಳಗಳು ರೆಕ್ಕೆ ಬಿಚ್ಚಿ ಏಳುವಾಗ ಮೀನು ಬುದ್ಧಿಗೆಟ್ಟು ಮೇಲೆ ಹಾರುತ್ತದೆ. ಆಗಸ್ಟ್‌ನ ಸೆಕೆಗೆ ಕೆಳಗಿನ ಹೊಳೆಯನ್ನೇ ತೊರೆದು, ಮೇಲೆ ಕಂದರದಲ್ಲಿ ತಣ್ಣನೆಯ ಒರತೆ ಬಂದು ಸೇರುವ ಮಡುವಿನಲ್ಲಿ ಹಿಂಡುಗಟ್ಟಿರುತ್ತದೆ. ಇದು ಊರಿನ ಪ್ರತಿ ಗಂಡಸಿಗೂ ಗೊತ್ತಿತ್ತು, ಆದರೆ ಒಬ್ಬನೂ ಇನ್ನೊಬ್ಬನಿಗೆ ಹೇಳುತ್ತಿರಲಿಲ್ಲ.

ಓಬ್ರೆನ್ ದೊಡ್ಡ ಮನುಷ್ಯನೇನಲ್ಲ. ಮರ ಕೊಯ್ಯುವ ಮಿಲ್ಲಿನಲ್ಲಿ ದುಡಿದ, ಗರಗಸಕ್ಕೆ ಎಡಗೈಯ ಎರಡು ಬೆರಳು ಕೊಟ್ಟ, ಮಿಲ್ಲು ಮುಚ್ಚಿದ ಮೇಲೆ ನಾಲ್ಕು ಕುರಿ ಸಾಕಿಕೊಂಡು ಕಾಲ ಹಾಕಿದ. ಉಳಿದ ಬೆರಳುಗಳಲ್ಲೇ ಗಾಳಕ್ಕೆ ಕೋಳಿಗರಿ ಸುತ್ತಿ ಹುಳದ ರೂಪ ಕಟ್ಟುತ್ತಿದ್ದ. ಸೇನೆಗೆ ಹೋದಾಗ ಬಯಲುಸೀಮೆಯ ಮಂದ ನದಿಗಳನ್ನು ಕಂಡು ಬಂದವನು, “ಅದೂ ಒಂದು ನೀರಾ? ಮುಸುರೆ!” ಎಂದು ಇಂದಿಗೂ ಮೂಗು ಮುರಿಯುತ್ತಾನೆ. ಹೆಂಡತಿ ಯೋಕಾಳ ಬಾಯಿ ಅವನ ಬಾಯಿಗಿಂತ ಒಂದು ಗೇಣು ಉದ್ದ. “ಮದುವೆ ದಿನಾನೂ ಒದ್ದೆ ಪ್ಯಾಂಟಲ್ಲೇ ಬಂದ. ಆ ಹೊಳೆ ನನ್ನ ಸವತಿ. ಪುಣ್ಯಕ್ಕೆ ಅಡುಗೆಮನೆಗೆ ಬಂದು ಕೂರಲ್ಲ, ಅಷ್ಟೇ” ಎನ್ನುತ್ತಿದ್ದಳು.

ಅವನಿಗೆ ಇನ್ನೊಬ್ಬ ಆಪ್ತನಿದ್ದ, ತಾದಿಯಾ. ಮದುವೆಯಲ್ಲಿ ಪಕ್ಕ ನಿಂತು ಸಾಕ್ಷಿ ಹಾಕಿದವನು, ಅಂದರೆ ಕೂಮ. ಆ ನಾಡಿನಲ್ಲಿ ಒಡಹುಟ್ಟಿದವನ ಜೊತೆ ಮಾತು ಬಿಡಬಹುದು, ಕೂಮನ ಜೊತೆ ಬಿಡುವಂತಿಲ್ಲ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡವರು, ಒಬ್ಬರಿಗೊಬ್ಬರು ಜೀವ ಕೊಡುವವರು, ಮಡುವಿನ ಜಾಗ ಮಾತ್ರ ಕೊಡರು.

ಇಷ್ಟೆಲ್ಲ ಸುಳ್ಳಾಡುವ ಊರಿಗೆ ಒಂದೇ ಒಂದು ಸತ್ಯವಿತ್ತು. ಅಕ್ಟೋಬರ್ ಬಂತೆಂದರೆ ಹೊಳೆಗೆ ಯಾರೂ ಇಳಿಯಬಾರದು. ಆಗ ಮೀನು ಮೇಲಕ್ಕೆ ಬಂದು, ಆಳವಿಲ್ಲದ ಕಡೆ ಹರಳುಗಲ್ಲನ್ನು ಬಾಲದಿಂದ ಕೆದಕಿ, ಗುಳಿ ಮಾಡಿ, ಮೊಟ್ಟೆ ಇಡುತ್ತದೆ. ಎಷ್ಟು ಮೈಮರೆತಿರುತ್ತದೆಂದರೆ ಕೈಯಲ್ಲೇ ಎತ್ತಬಹುದು. ಅದಕ್ಕೇ ಎತ್ತಬಾರದು. ಸರ್ಕಾರದ ಕಾನೂನೂ ಹಾಗೇ ಇದೆಯಂತೆ, ಅದನ್ನು ಕಾಯಲು ಆ ಬೆಟ್ಟಕ್ಕೆ ಯಾವನೂ ಬಂದದ್ದಿಲ್ಲ. ಕಾಯುತ್ತಿದ್ದವನು ಓಬ್ರೆನ್. ಚಳಿಯಲ್ಲಿ ದೊಣ್ಣೆ ಹಿಡಿದು ಹರಳುಗಲ್ಲಿನ ದಂಡೆಯಲ್ಲಿ ಕೂತಿರುತ್ತಿದ್ದ. ಬಸುರಿಯ ಮೇಲೆ ಕೈ ಮಾಡುವವನೂ ಮೊಟ್ಟೆಮೀನು ಎತ್ತುವವನೂ ಒಂದೇ ಎನ್ನುತ್ತಿದ್ದ.

ಒಂದು ಆಗಸ್ಟ್‌ನ ನಡುಮಧ್ಯಾಹ್ನ ಪಟ್ಟಣದಿಂದ ಇಬ್ಬರು ಬಂದರು. ಒಬ್ಬಳು ಕನ್ನಡಕದ ಹುಡುಗಿ, ಒಬ್ಬ ಗಡ್ಡದ ಯುವಕ. ಬೆನ್ನ ಮೇಲೆ ನೀರಿಗೆ ಕರೆಂಟು ಬಿಟ್ಟು ಮೀನು ಎಬ್ಬಿಸುವ ಬ್ಯಾಟರಿ ಪೆಟ್ಟಿಗೆ, ಕೈಯಲ್ಲಿ ಬಲೆ. ಸೇತುವೆಯ ಮೇಲೆ ಓಬ್ರೆನ್ ಸಿಕ್ಕ.

“ದೊಡ್ಡಪ್ಪ, ಈ ಹೊಳೇಲಿ ಟ್ರೌಟ್ ಇದೆಯಾ?” ಎಂದು ಹುಡುಗಿ ಕೇಳಿದಳು.

“ಟ್ರೌಟಾ? ಖಾಲಿ ಮಗಳೇ. ನಮ್ಮಪ್ಪನ ಕಾಲಕ್ಕೇ ಮುಗೀತು.”

ಗಡ್ಡದವನು ಅವನ ಕೈಯ ಗಾಳದ ಕೋಲನ್ನು ನೋಡಿದ. “ಮತ್ತೆ ಇದ್ಯಾಕೆ?”

“ಇದಾ? ಹೆಂಡ್ತಿ ಬಾಯಿಂದ ತಪ್ಪಿಸ್ಕೊಳ್ಳೋಕೆ ಕಣಪ್ಪ. ಮೀನಿಗೆ ಹೋಗ್ತೀನಿ ಅಂದ್ರೆ ಬಿಡ್ತಾಳೆ. ಸುಮ್ನೆ ಕೂತ್ಕೊತೀನಿ ಅಂದ್ರೆ ಸೌದೆ ಸೀಳಿಸ್ತಾಳೆ.”

ಅವರು ನಕ್ಕರು. ಹೊಳೆಯ ಅಧ್ಯಯನಕ್ಕೆ ಬಂದಿದ್ದೇವೆ, ಎಲ್ಲಿ ಬಲೆ ಹಾಕಿದರೆ ಸರಿಹೋದೀತು ಎಂದು ಕೇಳಿದರು. ಓಬ್ರೆನ್ ಇನ್ನಷ್ಟು ಚುರುಕಾದ. ಅಧ್ಯಯನ ಅಂದರೆ ನಕ್ಷೆ, ನಕ್ಷೆ ಅಂದರೆ ಇಂಟರ್‌ನೆಟ್ಟು, ಆಮೇಲೆ ಭಾನುವಾರ ಭಾನುವಾರ ಪಟ್ಟಣದ ಕಾರುಗಳು. ಅವನು ಮುಂದಾಗಿ, “ಬನ್ನಿ, ನಾನೇ ತೋರಿಸ್ತೀನಿ” ಎಂದು ಸೇತುವೆಯ ಕೆಳಗೆ ದನ ದಾಟುವ ಜಾಗಕ್ಕೆ ಕರೆದೊಯ್ದ. ಪಾದ ಮುಳುಗುವಷ್ಟು ನೀರು, ಅದೂ ಪಾತ್ರೆ ತೊಳೆದ ನೀರಿನಷ್ಟು ಬೆಚ್ಚಗೆ. ಆ ಕಾಲದಲ್ಲಿ, ಆ ಹೊತ್ತಿನಲ್ಲಿ, ಮಾನವಿರುವ ಯಾವ ಟ್ರೌಟೂ ಅಲ್ಲಿ ಸುಳಿಯದು. ಇಬ್ಬರೂ ಬೆವರು ಸುರಿಸಿ ಬಲೆ ಆಡಿಸಿದರು. ಬೆರಳುದ್ದದ ಬಿಳಿಮೀನು ಎರಡು ಸಿಕ್ಕವು. ಓಬ್ರೆನ್ ಬಂಡೆಯ ಮೇಲೆ ಕೂತು “ಅಯ್ಯೋ ಪಾಪ” ಎನ್ನುತ್ತಿದ್ದ. ಕಂದರದ ಕಡೆ ಅವರು ಕೈ ತೋರಿಸಿದಾಗ, “ಅಲ್ಲಿಗೆ ದಾರಿ ಇಲ್ಲಮ್ಮ, ಹಾವು ಬೇರೆ” ಎಂದ.

ಅವರು ಊರಿನಲ್ಲೂ ಕೇಳಿದರು. ಅಂಗಡಿಯವನು ಖಾಲಿ ಎಂದ, ತಾದಿಯಾ ಖಾಲಿ ಎಂದ. ಸಂಜೆ ಓಬ್ರೆನ್‌ನ ಅಂಗಳದಲ್ಲಿ ಪ್ಲಮ್ ಹಣ್ಣಿನ ಸಾರಾಯಿ, ರಾಕಿಯಾ, ಕುಡಿಯುತ್ತ ತಾದಿಯಾ ಹೊಟ್ಟೆ ಹಿಡಿದುಕೊಂಡು ನಕ್ಕ.

“ಪಾದ್ರಿನೂ ಸುಳ್ಳು ಹೇಳಿದ ಕಣೋ ಕೂಮ! ಅದೂ ಎದೆ ಮೇಲೆ ಶಿಲುಬೆ ಗುರುತು ಹಾಕ್ಕೊಂಡು!”

“ನಾನು ದನದ ದಾರೀಲಿ ಬಲೆ ಹಾಕಿಸಿದೆ. ಸಗಣಿ ಸಿಕ್ಕಿರಬೇಕು ಪಾಪ” ಎಂದು ಓಬ್ರೆನ್ ಕಣ್ಣೊರೆಸಿಕೊಂಡ. ಅಷ್ಟು ಸುಖದ ಸಂಜೆ ಅವನ ಬಾಳಿನಲ್ಲಿ ಮತ್ತೆ ಬರಲಿಲ್ಲ.

ಅಕ್ಟೋಬರ್‌ನಲ್ಲಿ ಊರವರನ್ನೆಲ್ಲ ಹಳೆಯ ಶಾಲೆಗೆ ಕರೆದರು. ಗೋಯ್ಕೊ ಎಂಬ ಎಂಜಿನಿಯರ್ ಗೋಡೆಗೆ ನಕ್ಷೆ ತೂಗುಹಾಕಿದ. ಒಳ್ಳೆಯ ಹುಡುಗ, ನಗುಮುಖ, ಅವನ ಅಜ್ಜಿಯ ಊರು ಪಕ್ಕದ ಕಣಿವೆಯೇ. ವಿದ್ಯುತ್ತಿಗಾಗಿ ವೆದ್ರಾ ಹೊಳೆಯನ್ನು ಕಂದರದ ಒರತೆಯ ಬಳಿ ಕೊಳವೆಗೆ ಹಾಕುತ್ತೇವೆ, ಸೇತುವೆ ದಾಟಿದ ಮೇಲೆ ಹೊರಗೆ ಬಿಡುತ್ತೇವೆ ಎಂದ. ನಡುವೆ ಇರುವುದೆಲ್ಲ, ಮಡುಗಳು, ಹರಳುಗಲ್ಲಿನ ಹಾಸು, ಎಲ್ಲ ಒಣಕಲ್ಲು. ಶಾಲೆಯಲ್ಲಿ ಗುಲ್ಲೆದ್ದಿತು.

“ಮತ್ತೆ ನಮ್ಮ ಮೀನು?” ಎಂದು ತಾದಿಯಾ ಮೇಜು ಗುದ್ದಿದ.

“ಯಾವ ಮೀನು?” ಗೋಯ್ಕೊ ನಿಜವಾಗಿಯೂ ಬೆರಗಾದ. “ಮೀನಿದ್ದಿದ್ರೆ ನಮಗೆ ಒಪ್ಪಿಗೆ ಸಿಗೋದೇ ಕಷ್ಟ ಆಗ್ತಿತ್ತು. ಆಗಸ್ಟಲ್ಲಿ ನಮ್ಮವರಿಬ್ಬರು ಬಂದು ನೋಡಿದ್ರು, ನಿಮ್ಮನ್ನೇ ಕೇಳಿದ್ರು. ಓಬ್ರೆನ್ ಅನ್ನೋ ಹಿರಿಯರು ಪಾಪ, ಬಿಸಿಲಲ್ಲಿ ಜೊತೆಗೇ ನಿಂತು ಜಾಗ ತೋರಿಸಿದ್ರಂತೆ. ಅವರು ಬಂದಿದಾರಾ?”

ಎಲ್ಲರೂ ತಿರುಗಿ ನೋಡಿದರು. ಓಬ್ರೆನ್‌ಗೆ ಕೂತ ಬೆಂಚು ಮುಳ್ಳಾಯಿತು. ತಾವೂ ಅದೇ ಸುಳ್ಳು ಹೇಳಿದವರು, ಅಂಗಡಿಯವನು, ಪಾದ್ರಿ, ಎಲ್ಲರೂ ಈಗ ಹಾಲು ಕುಡಿದ ಮಕ್ಕಳ ಮುಖ ಮಾಡಿಕೊಂಡು ಅವನೊಬ್ಬನನ್ನೇ ನೋಡುತ್ತಿದ್ದರು. ಥೂ, ಮನುಷ್ಯರು! ಅವನು ಎದ್ದು, “ನಾನು ಹೇಳಿದ್ದು ಸುಳ್ಳು. ಹೊಳೆ ತುಂಬ ಮೀನಿದೆ” ಎಂದ. ಗೋಯ್ಕೊ ಕೈ ಚೆಲ್ಲಿದ. ತೀರ್ಮಾನಕ್ಕೆ ಮುಂಚೆ ನವೆಂಬರ್‌ನಲ್ಲಿ ಇನ್ನೊಂದು ಸಭೆಯಿದೆ, ಒಪ್ಪಿಗೆ ಕೊಡುವ ಸರ್ಕಾರಿ ಕಚೇರಿಯವರೇ ಬರುತ್ತಾರೆ, ಮೀನಿದ್ದರೆ ಅವರಿಗೆ ತೋರಿಸಿ ಎಂದ.

ನವೆಂಬರ್‌ನಲ್ಲಿ! ಮೀನು ಮೊಟ್ಟೆ ಇಡುವ ಹೊತ್ತಿನಲ್ಲಿ. ಮೊದಲು ತಾದಿಯಾನ ಫೋನಿನಲ್ಲಿ ಚಿತ್ರ ತೆಗೆದು ನೋಡಿದರು. ನೀರಿನ ಮೇಲೆ ಬಿದ್ದ ಆಕಾಶ ಬಂತು, ಮೀನು ಬರಲಿಲ್ಲ. ಮತ್ತೆ ಮತ್ತೆ ತೆಗೆದರು. ಕಲ್ಲು ಬಂತು, ಓಬ್ರೆನ್‌ನ ಮೂಗು ಬಂತು.

“ಒಂದನ್ನ ಎತ್ಕೊಂಡು ಹೋಗ್ತೀನಿ, ಬಕೆಟ್ಟಲ್ಲಿ. ತೋರಿಸಿ ವಾಪಸ್ ಬಿಡ್ತೀನಿ” ಎಂದ ಓಬ್ರೆನ್.

“ಹರಳುಗಲ್ಲಿನ ಮೇಲಿಂದಾ?” ತಾದಿಯಾನ ಮುಖ ಬಿಗಿಯಿತು. “ಅದೊಂದನ್ನ ಬಿಟ್ಟು ಏನು ಬೇಕಾದ್ರೂ ಮಾಡು. ಅಲ್ಲಿಗೆ ಕಾಲಿಟ್ಟರೆ ನೀನು ನನ್ನ ಕೂಮ ಅಲ್ಲ.”

“ಹೊಳೆನೇ ಹೋದ್ಮೇಲೆ ಹರಳುಗಲ್ಲು ಇಟ್ಕೊಂಡು ಏನ್ ಗೋರಿ ಕಟ್ಟಿಸ್ತೀಯಾ?”

“ನಾನು ಹೇಳಿದ್ದು ಹೇಳಿದೆ.”

ಸಭೆಯ ಬೆಳಿಗ್ಗೆ ಓಬ್ರೆನ್ ಹೊಳೆಗಿಳಿದ. ದಂಡೆಯಲ್ಲಿ ಮಂಜುಗಡ್ಡೆ ಕಟ್ಟಿತ್ತು. ಮೊಣಕೈಯುದ್ದದ ಹೆಣ್ಣುಮೀನು, ಮೈಮೇಲೆ ಕೆಂಪು ಚುಕ್ಕೆ, ಹೊಟ್ಟೆ ತುಂಬ ಮೊಟ್ಟೆ, ಗುಳಿಯ ಮೇಲೆ ನಿಂತು ಬಾಲ ಆಡಿಸುತ್ತಿತ್ತು. ಅವನ ಕಾಲು ಗುಳಿಗಳನ್ನು ತುಳಿಯಿತು. ಅಂಗೈ ಹೊಟ್ಟೆಯ ಕೆಳಗೆ ಹೋದರೂ ಅದು ಓಡಲಿಲ್ಲ. ಎತ್ತಿ ಬಕೆಟ್ಟಿಗೆ ಹಾಕುವಾಗ ಅವನಿಗೆ ಅಳು ಬಂತು, ಅತ್ತ. ದಂಡೆಯ ಮೇಲೆ ತಾದಿಯಾ ನಿಂತು ನೋಡುತ್ತಿದ್ದ. ಆಮೇಲೆ ತಿರುಗಿ ಹೋದ.

ಶಾಲೆಯಲ್ಲಿ ಒಲೆ ಧಗಧಗ ಉರಿಯುತ್ತಿತ್ತು. ಕಚೇರಿಯ ಹೆಂಗಸು, ಮೊದಲು ಬೇರೆ ವಿಷಯ ಮುಗಿಸೋಣ ಎಂದಳು. ರಸ್ತೆ, ಕಂಬ, ಪರಿಹಾರ ಎಂದು ಹೊತ್ತು ಹೋಯಿತು. ಓಬ್ರೆನ್ ಕಾಲ ಬಳಿ ಬಕೆಟ್ಟು ಇಟ್ಟುಕೊಂಡು ನೀರು ಬೆಚ್ಚಗಾಗುವುದನ್ನು ಬೆರಳಿಟ್ಟು ನೋಡುತ್ತ ಕೂತ. ಎರಡು ಸಲ ಎದ್ದ, ಎರಡು ಸಲವೂ ಕೂರಿಸಿದರು. ಅವನ ಸರದಿ ಬಂದಾಗ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು, ಬಕೆಟ್ಟಿನ ತಳದಲ್ಲಿ ಕಿತ್ತಳೆ ಬಣ್ಣದ ಮೊಟ್ಟೆಗಳು ಹರಡಿದ್ದವು.

ಹೆಂಗಸು ಇಣುಕಿ ನೋಡಿದಳು. “ಇದು ಈ ಹೊಳೇದೇ ಅನ್ನೋಕೆ ಏನು ಸಾಕ್ಷಿ? ಸಾಕಣೆ ಕೊಳದಿಂದ ತಂದಿರಬಹುದಲ್ಲ.”

“ನಮ್ಮ ಹೊಳೇದೇ!” ಎಂದು ಅಂಗಡಿಯವನು ಕೂಗಿದ, ಪಾದ್ರಿ ಕೂಗಿದ, ಊರೇ ಕೂಗಿತು. ಹೊಳೆಗೇ ಬಂದು ನೋಡಿ ಎಂದವರಿಗೆ ಅವಳು ಕಿಟಕಿಯಾಚೆ ಕವಿದ ಕತ್ತಲು ತೋರಿಸಿದಳು.

“ಆಗಸ್ಟಲ್ಲಿ ಇಲ್ಲ ಅಂದೋರೂ ನೀವೇ, ಈಗ ಇದೆ ಅನ್ನೋರೂ ನೀವೇ. ನಾನು ಯಾವುದನ್ನ ನಂಬಲಿ? ಇವರು ಹಿಡಿದದ್ದನ್ನ ಕಣ್ಣಾರೆ ಕಂಡವರು ಯಾರಾದ್ರೂ ಇದೀರಾ?”

ಓಬ್ರೆನ್ ಕೊನೆಯ ಬೆಂಚಿನ ಕಡೆ ನೋಡಿದ. ತಾದಿಯಾ ಬಕೆಟ್ಟಿನ ಕಡೆಗೇ ನೋಡುತ್ತಿದ್ದ. ಆಮೇಲೆ ಟೋಪಿ ಹಾಕಿಕೊಂಡು ಎದ್ದು ಬಾಗಿಲು ತೆಗೆದು ಹೊರಗೆ ಹೋದ. ಒಂದು ಮಾತು ಸಾಕಿತ್ತು. ಅದು ಹೊಳೆಯನ್ನು ಉಳಿಸುತ್ತಿತ್ತೋ ಇಲ್ಲವೋ ದೇವರಿಗೇ ಗೊತ್ತು. ಆದರೆ ಅದನ್ನು ಆಡಬೇಕಾದವನು ಆಡಲಿಲ್ಲ. ಹೊಳೆ ಅವನದೂ ಆಗಿತ್ತಲ್ಲ!

ಒಪ್ಪಿಗೆ ಸಿಕ್ಕಿತು. ಋತುವಲ್ಲದ ಋತುವಿನಲ್ಲಿ ಮೀನು ಹಿಡಿದದ್ದಕ್ಕೆ ಓಬ್ರೆನ್‌ಗೆ ದಂಡವೂ ಬಿತ್ತು. ಸಾಕಣೆ ಕೊಳದ್ದು ಎಂದವರೇ ಹೊಳೆಯ ಮೀನು ಹಿಡಿದೆ ಎಂದು ದಂಡ ಹಾಕಿದರು, ನೋಡಿ ನ್ಯಾಯ! ಯೋಕಾ ಆ ಮೀನನ್ನು ಹೊಸ್ತಿಲು ದಾಟಿಸಲಿಲ್ಲ. “ಬೆಕ್ಕಿಗೂ ಹಾಕಬೇಡ” ಎಂದಳು. ತಾದಿಯಾ ಅವನನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗತೊಡಗಿದ. ಇಬ್ಬರೂ ಮುದುಕರು, ಇರುವುದೊಂದೇ ರಸ್ತೆ.

ಕೊಳವೆ ಹೂತರು. ಮರುವರ್ಷ ಬೇಸಿಗೆಯಲ್ಲಿ ಸಂಗೀತ, ಕುರಿಮಾಂಸ, ಭಾಷಣ ಎಲ್ಲ ನಡೆದು ಯಂತ್ರ ತಿರುಗಿತು. ಓಬ್ರೆನ್ ಹೋಗಲಿಲ್ಲ. ಸಮಾರಂಭ ಮುಗಿಸಿ ಗೋಯ್ಕೊನೇ ಒಂದು ಬಾಟಲಿ ಹಿಡಿದು ಅವನ ಮನೆಗೆ ಬಂದ. ಮನೆಗೆ ಬಂದವನನ್ನು ನಿಲ್ಲಿಸಿ ಮಾತಾಡಿಸುವ ಜನವಲ್ಲ ಅವರು. ಯೋಕಾ ಕಾಫಿ ಕಾಸಿದಳು, ಚೀಸು ಕೊಯ್ದಿಟ್ಟಳು. ಓಬ್ರೆನ್ ಎರಡು ಲೋಟ ತಂದ.

“ನಿಮಗೆ ಥ್ಯಾಂಕ್ಸ್ ಹೇಳೋಣ ಅಂತ ಬಂದೆ ದೊಡ್ಡಪ್ಪ” ಎಂದ ಗೋಯ್ಕೊ. ಅವನಲ್ಲಿ ಕುಹಕವಿರಲಿಲ್ಲ. “ಬೇರೆ ಕಡೆ ಎಲ್ಲ ನಮ್ಮವರಿಗೆ ಕಲ್ಲು ಬಿದ್ದಿದೆ. ನೀವೊಬ್ಬರು ಬಿಸಿಲಲ್ಲಿ ನಿಂತು ಸಹಾಯ ಮಾಡಿದ್ರಿ. ಆಮೇಲೆ ಊರವರ ಒತ್ತಾಯಕ್ಕೆ ಎಲ್ಲಿಂದಲೋ ಒಂದು ಮೀನು ತಂದ್ರಿ, ಅದು ನಂಗೆ ಅರ್ಥ ಆಗತ್ತೆ.”

ಕಿಟಕಿ ತೆರೆದೇ ಇತ್ತು. ಮೊದಲೆಲ್ಲ ಕಿಟಕಿ ತೆರೆದರೆ ಹೊಳೆಯ ಸದ್ದಿಗೆ ಜೋರಾಗಿ ಮಾತಾಡಬೇಕಿತ್ತು. ಈಗ ಯೋಕಾ ಸಕ್ಕರೆ ಕದಡುವುದು ಕೇಳುತ್ತಿತ್ತು.

ಗೋಯ್ಕೊ ಮುಂದಕ್ಕೆ ಬಾಗಿ ದನಿ ತಗ್ಗಿಸಿದ. “ಈಗ ಎಲ್ಲ ಮುಗೀತಲ್ಲ, ನಮ್ಮಿಬ್ಬರಲ್ಲೇ ಇರಲಿ. ನಿಜ ಹೇಳಿ, ಮೀನಿತ್ತಾ?”

“ಇತ್ತು” ಎಂದ ಓಬ್ರೆನ್. “ಆಗಸ್ಟಲ್ಲಿ ಕಂದರದ ಮಡುವಲ್ಲಿ ಎಷ್ಟಿರ್ತಿತ್ತು ಅಂದ್ರೆ ತಳದ ಕಲ್ಲು ಕಾಣ್ತಿರಲಿಲ್ಲ. ಮೊಣಕೈಯುದ್ದದ್ದು. ಜೂನಲ್ಲಿ ಸಂಜೆ ಹೊತ್ತು ಹಾರೋ ಸದ್ದು ಈ ಅಂಗಳಕ್ಕೆ ಕೇಳಿಸ್ತಿತ್ತು.”

ಗೋಯ್ಕೊ ಅವನ ಮುಖವನ್ನೇ ನೋಡಿದ. ಆಮೇಲೆ ಮನಸಾರೆ ನಕ್ಕು, ಪ್ರೀತಿಯಿಂದ ಅವನ ಭುಜ ತಟ್ಟಿದ.

“ಮೊಣಕೈಯುದ್ದದ್ದು! ನಮ್ಮಜ್ಜನೂ ಗಾಳ ಹಾಕ್ತಿದ್ದ ದೊಡ್ಡಪ್ಪ, ನಿಮ್ಮ ಜಾತಿನ ನಾನು ಬಲ್ಲೆ. ನೀವೆಲ್ಲ ಹೀಗೇ, ಬಾಯಲ್ಲೇ ಮೀನು ಬೆಳೆಸೋರು!”

ಓಬ್ರೆನ್ ಬಾಟಲಿ ಎತ್ತಿ ಅತಿಥಿಯ ಲೋಟ ತುಂಬಿಸಿದ.