ಭಾವ ಅರ್ಧ ಮಾಡಿದ ಮಳೆ

ನನ್ನ ಅಕ್ಕನ ಗಂಡ ಕನ್ನಡಕದ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷವಾಯಿತು. ಅದರಲ್ಲಿ ಹನ್ನೊಂದು ವರ್ಷ ಅದೇ ಕೌಂಟರಿನ ಹಿಂದೆ ನಿಂತು ಗಿರಾಕಿಗಳ ಮೂಗಿನ ಮೇಲೆ ಫ್ರೇಮು ಕೂರಿಸಿ ನೋಡಿದವಳು ನಾನು. ಹಾಗಾಗಿ ಭಾವನನ್ನು ಅಕ್ಕನಿಗಿಂತ ಒಂದು ಕೈ ಹೆಚ್ಚೇ ಬಲ್ಲೆ ಎಂದರೆ ಅಕ್ಕ ಮುಖ ಊದಿಸಿಕೊಳ್ಳಬಾರದು. ಲೆನ್ಸಿನ ಅಂಚು ಕೂದಲೆಳೆಯಷ್ಟು ಹೆಚ್ಚು ಉಜ್ಜಿಹೋದರೂ ಬಿಸಾಡಿ ಹೊಸದನ್ನು ಎತ್ತಿಕೊಳ್ಳುವ ಮನುಷ್ಯ. ಈಜು ಬರದು. ನೀರು ಮೊಣಕಾಲು ದಾಟಿದರೆ ಮೆಲ್ಲಗೆ ಹಿಂದಕ್ಕೆ ಸರಿಯುತ್ತಾರೆ. ಇಂಥವರಿಗೆ ಊರಿನ ದೋಣಿ ಹುಚ್ಚರೆಲ್ಲ ಮಳೆ ಬಂದ ಬೆಳಿಗ್ಗೆ ಫೋನ್ ಮಾಡಿ, “ಸಾರ್, ಹಳ್ಳಕ್ಕೆ ಇಳೀಬಹುದಾ?” ಎಂದು ಕೇಳುತ್ತಿದ್ದರು.

ಈ ಹುಚ್ಚು ಮನೆಗೆ ಬಂದದ್ದು ಅವರ ಮಗಳಿಂದ. ಅವಳು ಶಾಲೆಯಲ್ಲಿ ವ್ಯಾಯಾಮ ಶಿಕ್ಷಕಿ. ಒಂದು ಕಡೆ ಕೂರು ಎಂದರೆ ಕೂರುವ ಜಾಯಮಾನವೇ ಅಲ್ಲ. ನಾಲ್ಕು ವರ್ಷದ ಹಿಂದೆ ಒಬ್ಬ ಬಡಗಿಯ ಜೊತೆ ಸೇರಿ ಕಯಾಕ್ ಕಲಿತಳು. ಕಯಾಕ್ ಎಂದರೆ ಒಬ್ಬರೇ ಕಾಲು ಚಾಚಿ ಕೂತು, ಎರಡೂ ಕಡೆ ಹುಟ್ಟು ಹಾಕುತ್ತ, ಬಂಡೆಗಳ ನಡುವಿನ ನೊರೆನೀರಿನಲ್ಲಿ ಇಳಿದುಹೋಗುವ ಸಣ್ಣ ದೋಣಿ. ಬಡಗಿಗೆ ನಲವತ್ತು ದಾಟಿತ್ತು. ಅವನಿಗೆ ಇವಳು ತಂಗಿಯ ಹಾಗೆ, ಇವಳಿಗೆ ಅವನು ಗುರು.

ಊರಾಚೆಯ ಹಳ್ಳದಲ್ಲಿ ವರ್ಷದ ಮುಕ್ಕಾಲು ಪಾಲು ಬರೀ ಬಂಡೆ. ಗುಡ್ಡದ ಮೇಲೆ ಜೋರು ಮಳೆಯಾದರೆ ಒಂದೂವರೆ ಗಂಟೆಯ ನಂತರ ನೀರು ಕೆಳಗೆ ಬರುತ್ತದೆ, ನಾಲ್ಕೈದು ಗಂಟೆ ನಿಂತು ಇಳಿದುಹೋಗುತ್ತದೆ. ನೀರು ಕಡಿಮೆಯಾದರೆ ದೋಣಿಯ ಹೊಟ್ಟೆ ಬಂಡೆಗೆ ಉಜ್ಜುತ್ತದೆ, ಹೆಚ್ಚಾದರೆ ಪ್ರಾಣಕ್ಕೇ ಕುತ್ತು. ಗುಡ್ಡದ ಮೇಲೆ ಮಳೆ ಅಳೆಯುವ ಪಾತ್ರೆಯನ್ನು ಯಾರೂ ಇಟ್ಟಿಲ್ಲ. ಮಗಳು ಅಂದಾಜಿನ ಮೇಲೆ ಹೋಗುತ್ತಾಳೆಂದು ತಿಳಿದ ದಿನ ಭಾವನಿಗೆ ಊಟ ಸೇರಲಿಲ್ಲ. ಬೇಡವೆಂದರೆ ಕೇಳುವವಳಲ್ಲ ಎನ್ನುವುದೂ ಗೊತ್ತಿತ್ತು. ಅದಕ್ಕೇ ರಾಡಾರ್ ಹಿಡಿದು ಕೂತರು.

ಹವಾಮಾನದವರು ಕಂಪ್ಯೂಟರಿನಲ್ಲಿ ರಾಡಾರ್ ನಕ್ಷೆ ತೋರಿಸುತ್ತಾರೆ. ನಕ್ಷೆಯ ತುಂಬ ಪುಟ್ಟ ಪುಟ್ಟ ಚೌಕ. ಹಸಿರೆಂದರೆ ಜಿನುಗು, ಹಳದಿ ಎಂದರೆ ಮಳೆ, ಕೆಂಪೆಂದರೆ ಜಡಿಮಳೆ, ನೇರಳೆ ಎಂದರೆ ಆಕಾಶವೇ ಕಳಚಿತೆಂದು ಲೆಕ್ಕ. ಬಣ್ಣಕ್ಕೆ ತಕ್ಕಂತೆ ಗಂಟೆಗೆ ಇಷ್ಟು ಮಿಲಿಮೀಟರ್. ಯಾವ ಯಾವ ಇಳಿಜಾರಿನ ನೀರು ನಮ್ಮ ಹಳ್ಳಕ್ಕೆ ಸೇರುತ್ತದೋ ಅಷ್ಟು ಗುಡ್ಡದ ಆಕಾರವನ್ನು ಭಾವ ಒಂದು ಪಾರದರ್ಶಕ ಹಾಳೆಯ ಮೇಲೆ ಬರೆದು, ಲೆನ್ಸ್ ಕತ್ತರಿಸುವ ಕೈಚಳಕದಲ್ಲೇ ಕತ್ತರಿಸಿ, ಪರದೆಗೆ ಅಂಟಿಸಿದರು. ಅದರೊಳಗೆ ಬಿದ್ದ ಚೌಕಗಳನ್ನು ಪೆನ್ನಿನ ತುದಿಯಿಂದ ಎಣಿಸಿ, ಗಂಟೆಗಂಟೆಗೂ ಕೂಡಿಸಿ, ನೆಲ ಮೊದಲೇ ನೆನೆದಿದೆಯೇ ಎಂದು ನೋಡಿ, ಕೊನೆಗೆ ಬಾಯಿ ಬಿಡುತ್ತಿದ್ದರು: ಹೋಗಬಹುದು, ಅಥವಾ ಬೇಡ. ಆ ಹೊತ್ತಿನಲ್ಲಿ ಗಿರಾಕಿ ಬಂದರೆ ನಾನೇ ಗತಿ.

ಇದರಲ್ಲಿ ಒಂದು ತೊಡಕಿದೆ. ಆಲಿಕಲ್ಲು ಬಿದ್ದರೆ ರಾಡಾರ್ ಏಮಾರುತ್ತದೆ. ಕಲ್ಲು ದೊಡ್ಡದಲ್ಲವೇ, ಅದನ್ನು ಭಾರೀ ಮಳೆಯೆಂದು ತಿಳಿದು ನೇರಳೆ ಬಣ್ಣ ಬಳಿದುಬಿಡುತ್ತದೆ. ಅಂಥ ದಿನ ನೇರಳೆ ಚೌಕವನ್ನು ಅರ್ಧವೆಂದೇ ಹಿಡಿಯಬೇಕು. ಆದರೆ ಬಿದ್ದದ್ದು ಕಲ್ಲೋ ನೀರೋ? ಗುಡ್ಡದ ಮೇಲಿನ ಕಲ್ಲುಕ್ವಾರಿಯಲ್ಲಿ ಒಬ್ಬ ಕಾವಲುಗಾರನಿದ್ದ. ನೇರಳೆ ಕಂಡ ಕೂಡಲೇ ಭಾವ ಅವನಿಗೆ ಫೋನ್ ಮಾಡಿ, “ಏನಪ್ಪಾ, ತಗಡಿನ ಮೇಲೆ ಕಲ್ಲು ಬಿತ್ತಾ?” ಎಂದು ಕೇಳುತ್ತಿದ್ದರು. ಅವನನ್ನು ಕೇಳದೆ ಒಂದು ಚೌಕವನ್ನೂ ಅರ್ಧ ಮಾಡಿದವರಲ್ಲ.

ಈ ವರ್ಷ ಅವರ ಗ್ರಹಚಾರ ನೆಟ್ಟಗಿರಲಿಲ್ಲ. ಎರಡು ಸಲ ಬೇಡವೆಂದರು. ಎರಡೂ ಸಲ ಬೇರೆ ಗುಂಪಿನವರು ಇಳಿದು, ಹಳ್ಳ ಹದವಾಗಿತ್ತೆಂದು ಕುಣಿದುಕೊಂಡು ಬಂದರು. ಒಬ್ಬ ಅಂಗಡಿಗೇ ಬಂದು, “ಸಾರ್, ಮೊದಲು ನಿಮ್ಮ ಕಣ್ಣು ಪರೀಕ್ಷೆ ಆಗಲಿ” ಎಂದು ಹಲ್ಲು ಕಿರಿದ. ನಾನು ಅವನ ಜನ್ಮ ಜಾಲಾಡಿ ಕಳಿಸಿದೆ. ಭಾವನಿಗೆ ನಾಟಿದ್ದು ಆ ಮಾತಲ್ಲ. ಮಗಳು ಒಂದು ವಾರ ಮುಖ ಗಂಟಿಕ್ಕಿಕೊಂಡು, “ನಿನ್ನ ಹೆದರಿಕೆನೆಲ್ಲ ತಂದು ಲೆಕ್ಕಕ್ಕೆ ಸೇರಿಸ್ತೀಯಪ್ಪ” ಎಂದಿದ್ದಳು. ಅದು ನಾಟಿತ್ತು.

ಆ ಶನಿವಾರ ಬೆಳಿಗ್ಗೆ ಎಂಟಕ್ಕೆ ನಾನು ಅಂಗಡಿಗೆ ಬಂದಾಗ ಭಾವ ಆಗಲೇ ಪರದೆಯ ಮುಂದಿದ್ದರು. ಹಾಳೆಯೊಳಗೆ ಹದಿನಾಲ್ಕು ಚೌಕ ನೇರಳೆ. ನಾನೂ ಎಣಿಸಿದೆ. ಫೋನು ಕೈಯಲ್ಲೇ ಇತ್ತು. ಕಾವಲುಗಾರನ ನಂಬರು ತೆಗೆದರು, ನೋಡಿದರು, ಫೋನನ್ನು ಬೋರಲಾಗಿ ಮೇಜಿನ ಮೇಲಿಟ್ಟರು. ಪೆನ್ನು ಎತ್ತಿಕೊಂಡು ಹದಿನಾಲ್ಕರ ಮುಂದೆ ಏಳು ಎಂದು ಬರೆದರು. ಅಷ್ಟರಲ್ಲಿ ಮಗಳ ಫೋನು ಬಂತು. ಅವಳ ದನಿ ನನಗೂ ಕೇಳುತ್ತಿತ್ತು.

“ಅಪ್ಪ, ದೋಣಿ ಗಾಡಿ ಮೇಲೆ ಕಟ್ಟಾಯ್ತು. ಹೋಗಬಹುದಾ?”

“ಹೋಗು. ಹದವಾಗಿರುತ್ತೆ.”

“ನೇರಳೆ ಇದೆಯಲ್ಲ, ಕಾವಲುಗಾರನ್ನ ಕೇಳಿದ್ಯಾ?”

“ಹೂಂ.”

ಮೂಗಿನ ತುದಿಯಲ್ಲೇ ಸಿಟ್ಟಿಟ್ಟುಕೊಂಡ ಹೆಂಗಸು ನಾನು. ಗಿರಾಕಿ ಫ್ರೇಮನ್ನು ಒಂದು ಕೈಯಲ್ಲಿ ತೆಗೆದರೂ ಗದರುತ್ತೇನೆ. ಆವತ್ತು ಮಾತ್ರ ನನ್ನ ಬಾಯಿಗೆ ಏನು ಬಂದಿತ್ತೋ! ಇವರಿಗೂ ಒಂದು ಸಲ ಗೆಲುವಾಗಲಿ, ಅಪ್ಪ ಮಗಳು ಮೊದಲಿನ ಹಾಗಾಗಲಿ ಎಂದುಕೊಂಡು ಗಾಜು ಒರೆಸಲು ಹೋದೆ.

ಬಿದ್ದದ್ದು ಆಲಿಕಲ್ಲಲ್ಲ, ಅಷ್ಟೂ ನೀರು. ಅವರಿಬ್ಬರೂ ಇಳಿದಾಗ ಹಳ್ಳ ಹದವಾಗಿಯೇ ಇತ್ತಂತೆ. ಅರ್ಧ ದಾರಿಯಲ್ಲಿ ನೀರು ಹಿಂದಿನಿಂದ ಏರಿಕೊಂಡು ಬಂತು. ಬಡಗಿಯ ದೋಣಿ ಅಡ್ಡ ತಿರುಗಿ, ಅವನ ಬಲಗೈ ದೋಣಿಗೂ ಬಂಡೆಗೂ ನಡುವೆ ಸಿಕ್ಕಿತು. ಮಗಳು ದಡಕ್ಕೆ ಹಾರಿ ಹಗ್ಗ ಎಸೆದು ಎಳೆದಳು. ಮುಕ್ಕಾಲು ಗಂಟೆ ಎಳೆದಳಂತೆ. ಪ್ರಾಣ ಉಳಿಯಿತು. ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಬಡಗಿಯ ಬಲಗೈ ಬೆರಳು.

ಆಮೇಲೆ ಎಲ್ಲರೂ ರಾಡಾರನ್ನೇ ಬೈದರು. ಅಕ್ಕನೂ, “ಹಾಳು ಯಂತ್ರ ನಂಬಿ ಕೆಟ್ರಿ” ಎಂದಳು. ಭಾವ ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಮಗಳು ಎಂದಿನಂತೆ ಬಂದು ಎದುರು ಕೂತು ಊಟ ಮಾಡುತ್ತಿದ್ದಳು, ಉಪ್ಪು ಕೊಡು ಎಂದರೆ ಕೊಡುತ್ತಿದ್ದಳು. ಭಾವ ಒಂದೇ ವಾರದಲ್ಲಿ ನಾಲ್ಕು ಲೆನ್ಸ್ ಹಾಳು ಮಾಡಿದರು. ಒಬ್ಬರ ಎಡಗಣ್ಣಿನದನ್ನು ಬಲಕ್ಕೆ ಕೂರಿಸಿ ಕೊಟ್ಟರು. ನನಗೆ ಅವರ ಮೇಲೆ ಕನಿಕರ, ಅದರ ಬೆನ್ನಿಗೇ ಸಿಟ್ಟು, ನನ್ನ ಮೇಲೆ ಅದಕ್ಕೂ ಹೆಚ್ಚು ಸಿಟ್ಟು. ರಾಡಾರ್ ಸುಳ್ಳು ಹೇಳಿರಲಿಲ್ಲವೆಂದು ಬಲ್ಲವರು ನಾವಿಬ್ಬರೇ ಎಂದುಕೊಂಡಿದ್ದೆ.

ಹನ್ನೊಂದನೇ ದಿನ ಸಂಜೆ ಭಾವ ಇದ್ದಕ್ಕಿದ್ದಂತೆ ಅಂಗಡಿಯ ಬಾಗಿಲೆಳೆದು, “ನೀನೂ ಬಾಮ್ಮ, ಒಬ್ಬನೇ ಹೋದ್ರೆ ದಾರೀಲಿ ವಾಪಸ್ ಬಂದುಬಿಡ್ತೀನಿ” ಎಂದರು. ಬಡಗಿಯ ಕೆಲಸದ ಕೋಣೆಯಲ್ಲಿ ಅರ್ಧ ಮುಗಿದ ಕಿಟಕಿ ಚೌಕಟ್ಟು ಗೋಡೆಗೆ ಒರಗಿತ್ತು. ಅವನು ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಎಡಗೈಯಲ್ಲಿ ಉಳಿ ಹಿಡಿದು ಅಭ್ಯಾಸ ಮಾಡುತ್ತಿದ್ದ. ಮಗಳು ಮರದ ತುಂಡನ್ನು ಅಲುಗಾಡದಂತೆ ಒತ್ತಿ ಹಿಡಿದಿದ್ದಳು. ಶಾಲೆ ಬಿಟ್ಟ ಮೇಲೆ ದಿನವೂ ಇಲ್ಲಿಗೆ ಬರುತ್ತಿದ್ದಳೆಂದು ನಮಗೆ ಗೊತ್ತೇ ಇರಲಿಲ್ಲ.

“ಬನ್ನಿ ಸಾರ್, ಕೂತ್ಕೊಳಿ” ಎಂದ ಬಡಗಿ.

ಭಾವ ಕೂರಲಿಲ್ಲ. “ಯಂತ್ರದ ತಪ್ಪಲ್ಲಪ್ಪ. ಅದು ಸರಿಯಾಗೇ ತೋರಿಸಿತ್ತು. ನಾನೇ ಅರ್ಧ ಮಾಡಿದೆ. ಕಾವಲುಗಾರನಿಗೆ ಫೋನ್ ಮಾಡಲಿಲ್ಲ. ಕಲ್ಲಲ್ಲ, ನೀರೇ ಅಂತ ಎಲ್ಲಿ ಹೇಳಿಬಿಡ್ತಾನೋ ಅಂತ ಮಾಡಲಿಲ್ಲ. ಇವಳಿಗೆ ಸುಳ್ಳು ಹೇಳಿದೆ” ಎಂದರು. ನಾನು, “ನಾನೂ ನೋಡ್ತಾ ಇದ್ದೆ” ಎಂದೆ.

ಬಡಗಿ ಉಳಿಯನ್ನು ಮೆಲ್ಲಗೆ ಕೆಳಗಿಟ್ಟ. “ಗೊತ್ತು ಸಾರ್. ಕಾವಲುಗಾರ ಆಸ್ಪತ್ರೆಗೆ ನೋಡೋಕೆ ಬಂದಿದ್ದ, ಎರಡನೇ ದಿನವೇ. ಇಷ್ಟೆಲ್ಲ ಮಳೆ ಬಿತ್ತು, ಯಾಕೆ ಯಾರೂ ಕೇಳಲಿಲ್ಲ ಅಂತ ಕೇಳಿದ. ಇವಳೂ ಅಲ್ಲೇ ಇದ್ದಳು.”

ಭಾವ ಮಗಳ ಕಡೆ ತಿರುಗಿದರು. ಒಂಬತ್ತು ದಿನ ಅದೇ ಮೇಜಿನಲ್ಲಿ ಎದುರುಬದುರು ಕೂತು ಉಂಡಿದ್ದಾರೆ. ನನಗೆ ತಡೆಯಲಾಗಲಿಲ್ಲ. “ಅಲ್ಲ ಕಣೇ, ಗೊತ್ತಿದ್ದೂ ಯಾಕೆ ನಿಮ್ಮಪ್ಪನ್ನ ಒಂದು ಮಾತು ಕೇಳಲಿಲ್ಲ?” ಎಂದು ಅವಳ ಮೇಲೆಯೇ ರೇಗಿದೆ.

ಅವಳು ಮರದ ತುಂಡಿನಿಂದ ಕೈ ತೆಗೆಯಲಿಲ್ಲ, ಅಪ್ಪನ ಮುಖವನ್ನೂ ನೋಡಲಿಲ್ಲ.

“ಕಾವಲುಗಾರನಿಗೆ ನಿಜವಾಗ್ಲೂ ಫೋನ್ ಮಾಡಿದ್ಯಾ ಅಂತ ದಿನಾ ಕೇಳೋಣ ಅಂದುಕೊಳ್ತಿದ್ದೆ ಚಿಕ್ಕಮ್ಮ. ಕೇಳಿದ್ರೆ ಮತ್ತೆ ಹೂಂ ಅಂದುಬಿಟ್ರೆ?”