ರಾಯಚೂರು, ನಿಂದ್ರು, ದೇವದುರ್ಗ

ಬರೆದು ರೂಢಿಯಿಲ್ಲದವನು ನಾನು. ನಮ್ಮ ಮನೆತನದಲ್ಲಿ ಮೊದಲು ಪದವಿ ಪಡೆದವನಾದ್ದರಿಂದ, ಎಲ್ಲಿ ತಪ್ಪು ಬರೆದೇನೋ ಎಂಬ ಅಂಜಿಕೆ ಇನ್ನೂ ಹೋಗಿಲ್ಲ. ಹುಸೇನಪ್ಪ ಮಾವನವರು ಒಂದು ಕಡೆ ನಿಂತವರೇ ಅಲ್ಲ. ಅವರ ಚಿತ್ರ ಇಲ್ಲಿ ಅಲುಗಾಡಿದ್ದರೆ ಓದುಗರು ಮನ್ನಿಸಬೇಕು.

ಮಾವ ನನ್ನ ತಾಯಿಯ ತಮ್ಮ. ಊಟಕ್ಕೆ ಕುಳಿತರೂ ಅವರ ಒಂದು ಮೊಣಕಾಲು ಕುಣಿಯುತ್ತಲೇ ಇರುತ್ತಿತ್ತು. ರಾಯಚೂರಿನ ಗಂಜ್ ಮಾರುಕಟ್ಟೆಯ ಬಳಿ ಗ್ಯಾರೇಜಿನ ಕೆಲಸ. ಬೇಸರವಾದರೆ ದೇವದುರ್ಗ, ಅಲ್ಲಿಂದ ಮಾನ್ವಿ. ಪ್ರತಿ ಸಲವೂ ಅವರ ಹೆಂಡತಿ ಶಾಂತಮ್ಮತ್ತೆ ಒಲೆಯ ಕಲ್ಲುಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ಗಂಟು ಕಟ್ಟುತ್ತಿದ್ದರು.

ಮಾನ್ವಿಯ ಹತ್ತಿ ಬಿಡಿಸುವ ಜಿನ್ನಿನ ಸಾವಕಾರರ ಬಳಿ ಹಳೆಯ ಅಮೆರಿಕದ ಕಾರೊಂದಿತ್ತು. ಅದನ್ನು ಓಡಿಸುವುದೂ ರಿಪೇರಿ ಮಾಡುವುದೂ ಮಾವನ ಕೆಲಸ. ಅದಕ್ಕೆ ಗೇರು ಹಾಕುವ ಕೋಲಿರಲಿಲ್ಲ. ಸ್ಟೀರಿಂಗಿನ ಎಡಕ್ಕೆ ಗುಂಡಿಗಳಿದ್ದವು. ಇಂಗ್ಲಿಷ್ ಅಕ್ಷರಗಳನ್ನು ಬಸ್ಸಿನ ಬೋರ್ಡುಗಳಿಂದ ಕಲಿತಿದ್ದ ಮಾವ ಆರ್ ಎಂದರೆ ರಾಯಚೂರು, ಎನ್ ಎಂದರೆ ನಿಂದ್ರು, ಅಂದರೆ ನಿಲ್ಲು, ಡಿ ಎಂದರೆ ದೇವದುರ್ಗ ಎಂದು ಓದಿಕೊಂಡಿದ್ದರು.

“ಮತ್ತ ಮಾನ್ವಿ ಗುಂಡಿ ಎಲ್ಲಿಟ್ಟಾರಲೇ ಹುಸೇನಪ್ಪಾ?” ಎಂದು ಸಾವಕಾರರು ಕೆಣಕುತ್ತಿದ್ದರು.

“ಮಾನ್ವ್ಯಾಗ ಇದ್ದವ್ರಿಗೆ ಗುಂಡಿ ಯಾಕ್ರೀ? ಇಳಿದ್ರ ಮಾನ್ವಿ.”

ಡಿ ಎಂದರೆ ಮುಂದಕ್ಕೆ, ಆರ್ ಎಂದರೆ ಹಿಂದಕ್ಕೆ ಹೋಗುವುದು ಎಂದು ನಾನು ಹೇಳಿದಾಗ ಅವರು ನಕ್ಕರು. “ನಿನ್ನ ಲೆಕ್ಕದಾಗ ಹಿಂದಕ್ಕ, ನನ್ನ ಲೆಕ್ಕದಾಗ ಮನಿಗೆ. ಎರಡೂ ಒಂದ ಅಲ್ಲೇನೋ ಅಳಿಯಾ?”

ಗುಂಡಿಗಳ ಹಿಂದಿನಿಂದ ಕೆಳಗಿನ ಗೇರ್ ಬಾಕ್ಸಿನವರೆಗೆ ಒಂದೇ ಕೇಬಲ್. ಹತ್ತಿಯ ಧೂಳು ಕುಳಿತು ಗ್ರೀಸು ಗಟ್ಟಿಯಾದರೆ ಒಳಗಿನ ತಂತಿ ಬಿಗಿಯುತ್ತಿತ್ತು. ಗುಂಡಿ ಒಳಗೆ ಹೋದರೂ ಗೇರು ಕದಲುತ್ತಿರಲಿಲ್ಲ. “ಗುಂಡಿ ಸುಳ್ಳು ಹೇಳಾಕತ್ತದ” ಎಂದು ಮಾವ ತಂತಿಯನ್ನೆಳೆದು ಸೀಮೆಎಣ್ಣೆಯಲ್ಲಿ ಒರೆಸುತ್ತಿದ್ದರು. ಮತ್ತೆ ಜೋಡಿಸುವಾಗ ಮೇಲೆ ಒಬ್ಬರು ಆರ್ ಗುಂಡಿಯನ್ನು ಒತ್ತಿ ಹಿಡಿದಿರಬೇಕು, ಕೆಳಗೆ ಮಲಗಿದವರು ಕೇಬಲಿನ ಅಳತೆ ಹೊಂದಿಸಬೇಕು. “ಬರೋ ದಾರಿ ಸರಿ ಮಾಡಿದ್ರ ಹೋಗೋ ದಾರಿ ತಾನ ಸರಿ ಆಗ್ತದ” ಎಂಬುದು ಅವರ ಮಾತು.

ಎಪ್ಪತ್ತರ ದಶಕದ ಕೊನೆಗೆ ಅತ್ತೆಗೆ ಮಾನ್ವಿ ಹತ್ತಿರದ ಕುರ್ಡಿ ಎಂಬ ಹಳ್ಳಿಯ ಶಾಲೆಯಲ್ಲಿ ಶಿಕ್ಷಕಿಯ ಕೆಲಸ ಸಿಕ್ಕಿತು, ಸಂಸಾರ ಅಲ್ಲೊಂದು ಮನೆಗೆ ಬಂತು. ಅದೇ ಬೇಸಿಗೆಯಲ್ಲಿ ಸಾವಕಾರರು ಕಾರನ್ನು ಹೈದರಾಬಾದಿನವರಿಗೆ ಮಾರಿದರು. ಕೇಬಲ್ ಬಲ್ಲ ಮಾವನೂ ಜೊತೆಗೆ ಬೇಕೆಂದು ಕೊಂಡವರು ಕೇಳಿದರು. ಮಾವ ಒಪ್ಪಿಬಿಟ್ಟರು. ಅತ್ತೆ ಈ ಸಲ ಗಂಟು ಕಟ್ಟಲಿಲ್ಲ.

ಹೊರಡುವ ಮುಂಜಾನೆ ಜಿನ್ನಿನ ಅಂಗಳದಲ್ಲಿ ಕೊನೆಯ ಸಲ ಕೇಬಲ್ ಹೊಂದಿಸಬೇಕಾಗಿತ್ತು. ಕಂಕುಳಲ್ಲಿದ್ದ ಮಗಳನ್ನು ನನ್ನ ಕೈಗೆ ಕೊಟ್ಟು ಅತ್ತೆಯೇ ಒಳಗೆ ಕುಳಿತು ಆರ್ ಗುಂಡಿ ಒತ್ತಿ ಹಿಡಿದರು. ಕೆಳಗೆ ಮಾವ ನಟ್ಟು ಬಿಗಿಯುತ್ತಿದ್ದ ಪಾನಾದ ಸದ್ದು ನಿಂತಿತು.

“ಆತು. ಬಿಡು ಇನ್ನ.”

ಅತ್ತೆ ಬೆರಳು ತೆಗೆಯಲಿಲ್ಲ. “ಬರೋ ದಾರಿ ಸರಿ ಮಾಡೀಯೇನು?”

“ಮೊದಲ ಅದನ್ನ ಮಾಡೀನಿ. ಬಿಡು ಬೇ.”

“ಒಂದೀಟು ಇರ್ಲಿ.”

ಕಾರಿನಡಿಯಿಂದ ಹೊರಗೆ ಚಾಚಿದ್ದ ಮಾವನ ಕಾಲುಗಳು ಅಲುಗದೆ ಇದ್ದುದನ್ನು ನಾನು ಕಂಡದ್ದು ಅದೊಂದೇ ಸಲ. ಕಡೆಗೆ ಅತ್ತೆ ಬೆರಳು ತೆಗೆದು ಇಳಿದರು. ಮಾವ ಎದ್ದು ಬಂದು ರಾಯಚೂರು ಒತ್ತಿ ಕಾರನ್ನು ಗೇಟಿನಾಚೆಗೆ ಹಿಂದಕ್ಕೆ ತಂದರು. ನಿಂದ್ರು ಒತ್ತಿ, “ಮೊಹರಂಗೆ ಬರ್ತೀನಿ” ಎಂದರು. ದೇವದುರ್ಗ ಒತ್ತಿ ಹೈದರಾಬಾದಿಗೆ ಹೋದರು.

ಮೊಹರಮ್ಮಿಗೆ ಅವರು ಬರಲಿಲ್ಲ. ನನ್ನಪ್ಪ ಹೋಗಿ ವಿಚಾರಿಸಿದರೆ, ಕಾರು ಗುಜರಿಗೆ ಹೋಗಿತ್ತು. ಮಾವ ಅಲ್ಲಿಂದಲೂ ಹೊರಟುಹೋಗಿದ್ದರು. ಎಲ್ಲಿಗೆಂದು ಯಾರಿಗೂ ತಿಳಿದಿರಲಿಲ್ಲ.

ಆಮೇಲೆ ನಮ್ಮ ಕುಟುಂಬದಲ್ಲಾದ ಬದಲಾವಣೆ ಇಷ್ಟು. ಅತ್ತೆಯ ಸಂಬಳದಿಂದ ಮನೆ ನಡೆಯಿತು. ಮಗಳು ಓದಿ ನರ್ಸ್ ಆದಳು. ಇಲಾಖೆಯವರು ಮಾನ್ವಿಗೆ ವರ್ಗ ಕೊಡುತ್ತೇವೆಂದಾಗಲೂ ಅತ್ತೆ ಒಪ್ಪಲಿಲ್ಲ. “ಬರೋರಿಗೆ ಮನಿ ಗುರ್ತು ಸಿಗಬೇಕಲ್ಲಪ್ಪಾ” ಎಂದರು. ಕುರ್ಡಿಯ ಆ ಮನೆಯನ್ನು ನಾವು ಬದಲಿಸಲೇ ಇಲ್ಲ.